ಹಾಲಿಲ್ಲದ ಮನೆ

ಮೊನ್ನೆ ಬೆಳಿಗ್ಗೆ ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ವಾಪಸ್ಸು ಬರುತ್ತಿದ್ದೆ. ದೋಹಾದ ಮದೀನತ್ ಖಲೀಫಾದಲ್ಲಿ ನಾವಿರುವ ವಿಲ್ಲಾವನ್ನು ಪಾಲು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಹಿಂಬದಿಯ ಪಾಲಿಗೆ ಹೊಸದಾಗಿ ಯಾರೋ ಬಂದಿದ್ದರು. ಅವರ ಅಡುಗೆಮನೆಯ ಕಿಟಕಿಯಿಂದ ಒಂದು ವಾಸನೆ ಬಂತು. ಹಬೆಯಲ್ಲಿ ಬೇಯುವ ಅರಿಶಿನದ ಎಲೆ... ಅದರೊಳಗೆ ಅಕ್ಕಿಹಿಟ್ಟು, ಕಾಯಿತುರಿ, ಬೆಲ್ಲ. ಬೀಗದ ಕೈ ಹಿಡಿದುಕೊಂಡು ಗೋಡೆಯ ಪಕ್ಕದಲ್ಲೇ ನಿಂತುಬಿಟ್ಟೆ. ಮೈಸೂರಿನಲ್ಲಿ ಬೆಳೆದ ನನಗೆ ಅದು ತವರಿನ ವಾಸನೆಯಲ್ಲ. ಇದೇ ಊರಿನ ಬಿನ್ ಮಹಮೂದ್ ಬಡಾವಣೆಯಲ್ಲಿ ನಾವು ಮೊದಲಿದ್ದ ಹಳೆಯ ಕಟ್ಟಡದ ಎದುರು ಮನೆಯವರ, ನಾನು ಅಕ್ಕ ಎಂದು ಕರೆಯುತ್ತಿದ್ದವರ ಮನೆಯ ವಾಸನೆ ಅದು.

ಆಗ ಮಗಳು ಆಗತಾನೇ ನಡೆಯಲು ಕಲಿತಿದ್ದಳು. ಎದೆಹಾಲು ಬಿಡಿಸಿ ಮೊದಲ ಸಲ ಹಸುವಿನ ಹಾಲು ಕೊಟ್ಟ ದಿನವೇ ತುಟಿ ಊದಿಕೊಂಡು, ಮೈಯೆಲ್ಲ ದದ್ದು ಎದ್ದು, ಕುಡಿದದ್ದನ್ನೆಲ್ಲ ವಾಂತಿ ಮಾಡಿಕೊಂಡಳು. ಹಾಲಿನ ಅಲರ್ಜಿ ಎಂದರು ಡಾಕ್ಟರು. ಹಾಲು ಬೇಡ, ಮೊಸರು ಬೇಡ, ಬೆಣ್ಣೆ ತುಪ್ಪ ಬೇಡ, ಅವುಗಳ ಸೋಂಕು ತಗುಲಿದ್ದೂ ಬೇಡ. ಉಸಿರು ಕಟ್ಟಿದರೆ ತೊಡೆಗೆ ಚುಚ್ಚಬೇಕಾದ ಪೆನ್ನಿನಂಥ ಇಂಜೆಕ್ಷನ್ ಒಂದನ್ನು ಕೊಟ್ಟು, ಅದನ್ನು ಹಿಡಿಯುವ ಬಗೆ ತೋರಿಸಿ ಕಳಿಸಿದರು.

ನಮ್ಮ ಮನೆಯ ಊಟ ಎಂದರೆ ತುಪ್ಪದಿಂದ ಶುರುವಾಗಿ ಮಜ್ಜಿಗೆಯಲ್ಲಿ ಮುಗಿಯುವಂಥದ್ದು. ಅದರಲ್ಲಿ ಹಾಲಿನದನ್ನೆಲ್ಲ ತೆಗೆದುಬಿಟ್ಟರೆ ಏನು ಉಳಿಯುತ್ತದೆಂದು ನನಗೇ ಗೊತ್ತಿರಲಿಲ್ಲ. ಡಯಟೀಶಿಯನ್ ಬರೆದುಕೊಟ್ಟ ಪುಡಿಯ ಹಾಲಿಗೆ ವಿಚಿತ್ರ ಕಹಿ. ಮಗು ಬಾಯಿ ಬಿಗಿ ಹಿಡಿಯುತ್ತಿದ್ದಳು. ರಾಗಿ ಸರಿ, ಎಳ್ಳು, ಸೊಪ್ಪು, ಬೇಳೆಕಟ್ಟು ಎಂದು ದಿನವಿಡೀ ಹೆಣಗುತ್ತಿದ್ದೆ. ಅಂಗಡಿಗೆ ಹೋದರೆ ಬ್ರೆಡ್ಡು ಬಿಸ್ಕೆಟ್ಟಿನ ಪ್ಯಾಕೆಟ್ಟುಗಳನ್ನು ತಿರುಗಿಸಿ ಸಣ್ಣ ಅಕ್ಷರ ಓದುತ್ತಾ ನಿಲ್ಲುವುದೇ ಕೆಲಸ. ಫೋನಿನಲ್ಲಿ ಅತ್ತೆ, "ಒಂದು ಚೂರು ತುಪ್ಪ ಹಾಕಿದ್ರೆ ಏನಾಗುತ್ತೆ? ಅಭ್ಯಾಸ ಮಾಡಿಸ್ಬೇಕು" ಎನ್ನುತ್ತಿದ್ದರು. ಅಮ್ಮ ಅಳುತ್ತಿದ್ದಳು.

ಗಂಡ ಆಫೀಸಿಗೆ ಹೋದ ಮೇಲೆ ಸಂಜೆಯವರೆಗೆ ಮನೆಯಲ್ಲಿ ನಾನು, ಮಗು, ಏಸಿಯ ಸದ್ದು. ಮೊದಮೊದಲು ಮೈಸೂರು, ಬೆಂಗಳೂರಿನ ಕಡೆಯ ಕೆಲವು ಮನೆಗಳಿಂದ ಊಟಕ್ಕೆ ಕರೆಯುತ್ತಿದ್ದರು. ಹೋದಲ್ಲೆಲ್ಲ ಪಲ್ಯಕ್ಕೆ ಒಗ್ಗರಣೆ ಯಾವುದರಲ್ಲಿ ಹಾಕಿದಿರಿ, ಚಪಾತಿ ಹಿಟ್ಟಿಗೆ ಹಾಲು ಹಾಕಿದ್ದೀರಾ ಎಂದು ಕೇಳುತ್ತಿದ್ದೆ. ಒಂದು ಸಲ ಅಡುಗೆಮನೆಯೊಳಗಿಂದ, "ತುಂಬಾ ಓವರ್ ಮಾಡ್ತಾರಪ್ಪ, ನಾವೇನು ವಿಷ ಹಾಕ್ತೀವಾ?" ಎಂದದ್ದು ಕಿವಿಗೆ ಬಿತ್ತು. ಆಮೇಲೆ ನಾನೇ ಹೋಗುವುದನ್ನು ಬಿಟ್ಟೆ. ಅವರು ಕರೆಯುವುದನ್ನು ಬಿಟ್ಟದ್ದು ಯಾವಾಗ ಎಂದು ಸರಿಯಾಗಿ ನೆನಪಿಲ್ಲ...

ಅಂಥ ದಿನಗಳಲ್ಲೇ ಒಂದು ಮಧ್ಯಾಹ್ನ ಕಸದ ಚೀಲ ಹೊರಗಿಡಲು ಬಾಗಿಲು ತೆರೆದೆ. ಮಗು ಕಾಲಡಿಯಿಂದ ನುಸುಳಿ ಕಾರಿಡಾರಿಗೆ ಓಡಿದಳು. ಎದುರು ಮನೆಯ ಹೆಂಗಸು ತಮ್ಮ ಬಾಗಿಲಲ್ಲಿ ನಿಂತಿದ್ದರು. ಐವತ್ತು ದಾಟಿದ ವಯಸ್ಸು, ಮಾಸಿದ ಕಾಟನ್ ನೈಟಿ, ಹೆಗಲ ಮೇಲೊಂದು ಟವೆಲ್. ಅದುವರೆಗೆ ಲಿಫ್ಟಿನಲ್ಲಿ ಮುಗುಳ್ನಕ್ಕದ್ದಷ್ಟೇ ಪರಿಚಯ. ಕೈಯಲ್ಲಿದ್ದ ಉಂಡೆಯೊಂದನ್ನು ಅವರು ಮಗುವಿನ ಕೈಗಿಟ್ಟದ್ದನ್ನು ಕಂಡವಳೇ ಕಿರುಚಿಕೊಂಡು ಓಡಿ ಕಿತ್ತುಕೊಂಡೆ. ಮಗು ಹೆದರಿ ಅಳತೊಡಗಿದಳು. ಆ ಹೆಂಗಸು ಬೇಸರ ಮಾಡಿಕೊಂಡು ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಅಲ್ಲೇ ನಿಂತಿದ್ದರು.

"ಎಂತ ಆಗ್ತದೆ ಬಾಲೆಗೆ?" ಎಂದು ಮೆಲ್ಲಗೆ ಕೇಳಿದರು.

ಹೇಳಿದೆ. ಮುಂದೆ ಬರುವ ಬುದ್ಧಿಮಾತಿಗೆ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ.

"ಅದೆಲ್ಲ ತಿನ್ಲಿಕ್ಕಾಗುದಿಲ್ಲ, ಸರಿ. ಎಂತ ತಿನ್ಬಹುದು? ಅದು ಹೇಳಿ" ಎಂದರು.

ಅಷ್ಟು ತಿಂಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅವರು ಒಳಗೆ ಕರೆದು ಕೂರಿಸಿ ನೀರು ಕೊಟ್ಟರು.

ಅಕ್ಕ ಕರಾವಳಿಯವರು, ಮನೆಮಾತು ತುಳು. ಮಗುವಿಗೆ ಆ ಕಡೆ 'ಬಾಲೆ' ಎನ್ನುತ್ತಾರೆಂದು ಅವರಿಂದಲೇ ತಿಳಿದದ್ದು. ಯಜಮಾನರು ಇಂಡಸ್ಟ್ರಿಯಲ್ ಏರಿಯಾದ ಗಾಡಿ ರಿಪೇರಿ ವರ್ಕ್‌ಶಾಪ್ ಒಂದರಲ್ಲಿ ಮ್ಯಾನೇಜರು. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಮದುವೆಯಾಗಿ ಬಂದಾಗಿನಿಂದ ಅಕ್ಕ ಅದೇ ಫ್ಲ್ಯಾಟಿನಲ್ಲಿದ್ದರು. ಮಕ್ಕಳಾಗಿರಲಿಲ್ಲ. ಅದನ್ನು ಅವರು ಒಮ್ಮೆ, ಬಟ್ಟೆ ಮಡಿಸುತ್ತಾ, ಇವತ್ತು ಸೆಕೆ ಹೆಚ್ಚು ಎನ್ನುವ ಹಾಗೆ ಹೇಳಿದ್ದರು. ಮತ್ತೆ ಆ ಮಾತು ಎತ್ತಲಿಲ್ಲ.

ಅವರ ಅಡುಗೆಯಲ್ಲಿ ಎಲ್ಲದಕ್ಕೂ ತೆಂಗಿನಕಾಯಿ. ಕಾಯಿಹಾಲು ಹಾಕಿದ ಶ್ಯಾವಿಗೆ, ಕಾಯಿಹಾಲಿನ ಪಾಯಸ, ನೀರುದೋಸೆ. ಬಾಲ್ಕನಿಯಲ್ಲಿ ಹಳೆಯ ಪೇಂಟ್ ಡಬ್ಬಿಗೆ ಮಣ್ಣು ತುಂಬಿ ಅರಿಶಿನದ ಗಿಡ ಹಾಕಿದ್ದರು. ಎಲೆ ದೊಡ್ಡದಾದಾಗ ಕಡುಬು. "ದನದ ಹಾಲು ಯಾಕೆ ಮಾರಾಯ್ತಿ, ಕಾಯಿಹಾಲು ಸಾಕು" ಎಂದರು ಮೊದಲಿಗೆ. ಅದರಲ್ಲಿ ಮೂಳೆಗೆ ಬೇಕಾದ ಸತ್ವ ಸಾಲದು, ಆ ಪುಡಿಯ ಹಾಲು ಬಿಡಿಸಬಾರದು ಎಂದು ಡಯಟೀಶಿಯನ್ ಹೇಳಿದ್ದನ್ನು ಹೇಳಿದೆ. ಅಕ್ಕ ವಾದ ಮಾಡಲಿಲ್ಲ. ಮಾರನೆಯ ದಿನವೇ ಆ ಪುಡಿಯನ್ನು ರಾಗಿ ಮಣ್ಣಿ ಎಂಬ ಅವರ ಕಡೆಯ ಸಿಹಿಗೆ ಬೆರೆಸಿ, ಬೆಲ್ಲ ಏಲಕ್ಕಿ ಹಾಕಿ, ತಟ್ಟೆಗೆ ಸುರಿದು ಚೂರು ಕತ್ತರಿಸಿ ತಂದರು. ಮಗಳು ಅಷ್ಟನ್ನೂ ತಿಂದು ತಟ್ಟೆ ನೆಕ್ಕಿದಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಾ ನೆಲದ ಮೇಲೆ ಕೂತಿದ್ದೆವು.

ಹೀಗೆ ದಿನ ಸಾಗಿತು. ಮಗಳು ಅವರನ್ನು ದೊಡ್ಡಮ್ಮ ಎಂದು ಕರೆಯತೊಡಗಿದಳು. ಮಧ್ಯಾಹ್ನವಾದರೆ ನಮ್ಮ ಬಾಗಿಲ ಬಳಿ ಚಪ್ಪಲಿ ಹಿಡಿದು ನಿಲ್ಲುವಳು.

ಆಮೇಲೆ ಆ ಬೇಸಿಗೆಯ ದಿನ ಬಂತು. ಅಕ್ಕ ಮಗುವಿಗೆಂದು ರವೆ ಹುರಿದು ಕಾಯಿಹಾಲಿನ ಸಜ್ಜಿಗೆ ಮಾಡಿದ್ದರು. ನಾನು ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದೆ. ನಾಲ್ಕು ಚಮಚ ತಿಂದಿರಬೇಕು, ಮಗಳು ಕೆಮ್ಮತೊಡಗಿದಳು. ನೋಡನೋಡುತ್ತಿದ್ದಂತೆ ಕಣ್ಣು ಊದಿಕೊಂಡವು. ಉಸಿರಿನಲ್ಲಿ ಸೀಟಿ ಊದಿದಂಥ ಸದ್ದು. ಪೆನ್ನು ಇದ್ದ ಚೀಲ ನನ್ನ ಹೆಗಲಲ್ಲೇ ಇತ್ತು. ಅದನ್ನು ತೆಗೆದು ತೊಡೆಗೆ ಒತ್ತಿ ಹಿಡಿದದ್ದು ನೆನಪಿದೆ. ಆಂಬ್ಯುಲೆನ್ಸಿಗೆ ಫೋನು ಮಾಡಿದ್ದು ನಾನೋ ಅಕ್ಕನೋ ನೆನಪಿಲ್ಲ.

ಆಂಬ್ಯುಲೆನ್ಸಿನಲ್ಲಿ ನನಗೊಬ್ಬಳಿಗೇ ಜಾಗ. ಅಕ್ಕ ರಸ್ತೆಗೆ ಓಡಿ, ಸಿಕ್ಕಿದ ಟ್ಯಾಕ್ಸಿ ಹತ್ತಿ ಹಿಂದೆ ಬಂದರಂತೆ. ಆಸ್ಪತ್ರೆಯಲ್ಲಿ ಮಗಳ ಉಸಿರು ಹದಕ್ಕೆ ಬಂದು, ನರ್ಸ್ ನನ್ನ ಭುಜ ತಟ್ಟಿ, ನಾನು ತಲೆಯೆತ್ತಿ ನೋಡಿದಾಗ ಅಕ್ಕ ಪರದೆಯಾಚೆ ನಿಂತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಾದ ಡಾಂಬರಿನ ಮೇಲೆ ಓಡಿ ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು. "ಬೆಳಿಗ್ಗೆ ಇವರಿಗೆ ಅದೇ ಬಾಣಲೆಯಲ್ಲಿ ತುಪ್ಪದಲ್ಲಿ ಗೋಡಂಬಿ ಹುರಿದಿದ್ದೆ... ತೊಳೆದಿದ್ದೆ ಅಂತ ನೆನಪು. ಒರೆಸಿ ಮಾತ್ರ ಇಟ್ಟಿದ್ದೆನೋ ಎಂತದೋ" ಎಂದು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

ಮನೆಗೆ ಬಂದ ಮೇಲೆ ಗಂಡ ಹೇಳಿದ್ದು ಒಂದೇ ಮಾತು: "ಇನ್ಮೇಲೆ ಆ ಮನೆಗೆ ಕಳಿಸೋದು ಬೇಡ. ಖಲಾಸ್." ಗಂಡನದು ತಪ್ಪೆನ್ನಲಾರೆ, ಮಗಳ ಕೈ ಬಿಡದೆ ಕೂತಿದ್ದರು. ಎದುರು ಮನೆಯ ಬಾಗಿಲೂ ಮುಚ್ಚಿಕೊಂಡಿತು. ನಾನು ಹೋಗಿ ಬೆಲ್ ಮಾಡಿದರೆ ಒಳಗಿನಿಂದ ಹೆಜ್ಜೆ ಸಪ್ಪಳ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. "ಅಕ್ಕ, ಪುಟ್ಟಿ ಚೆನ್ನಾಗಿದ್ದಾಳೆ" ಎಂದು ಮರದ ಬಾಗಿಲಿಗೇ ಹೇಳಿ ಬರುತ್ತಿದ್ದೆ. ಮಗಳು ಮಧ್ಯಾಹ್ನ ಚಪ್ಪಲಿ ಹಿಡಿದು ನಿಂತು, ಸುಸ್ತಾಗಿ, ಅಲ್ಲೇ ಮಲಗಿಬಿಡುತ್ತಿದ್ದಳು. ಆ ಬೇಸಿಗೆಯಷ್ಟು ಉದ್ದದ ಬೇಸಿಗೆಯನ್ನು ನಾನು ಮತ್ತೆ ಕಂಡಿಲ್ಲ.

ಬಿಸಿಲು ಇಳಿಯುವ ಕಾಲಕ್ಕೆ, ಒಂದು ಶುಕ್ರವಾರ, ಅವರೇ ಬಂದು ಬೆಲ್ ಮಾಡಿದರು. ಯಜಮಾನರೂ ಜೊತೆಗಿದ್ದರು. ಒಳಗೆ ಬರಲಿಲ್ಲ. ನನ್ನ ಗಂಡನನ್ನು ನೋಡಿ, "ನೀವಿಬ್ಬರೂ ಒಮ್ಮೆ ಬಂದು ನೋಡ್ಬೇಕು. ಆಮೇಲೆ ನಿಮ್ಮ ಇಷ್ಟ" ಎಂದರು.

ಹೋದೆವು. ಅಡುಗೆಮನೆಯಲ್ಲಿ ಹಳೆಯ ಪಾತ್ರೆ ಒಂದೂ ಇರಲಿಲ್ಲ. ಬಾಣಲೆ, ಸೌಟು, ಲಟ್ಟಣಿಗೆ, ಮಿಕ್ಸಿಯ ಜಾರುಗಳು ಎಲ್ಲ ಹೊಸತು. ಫ್ರಿಜ್ಜಿನ ಬಾಗಿಲನ್ನು ಅಗಲವಾಗಿ ತೆರೆದು ನಿಂತರು. "ಮನೆಯಲ್ಲಿ ಹಾಲಿಲ್ಲ, ಮೊಸರಿಲ್ಲ, ತುಪ್ಪ ಇಲ್ಲ. ದೇವರ ದೀಪಕ್ಕೂ ಎಳ್ಳೆಣ್ಣೆಯೇ. ಇನ್ನು ಒಳಗೆ ಬರುವುದೂ ಇಲ್ಲ. ಬೇಕಾದ್ರೆ ಎಲ್ಲ ಡಬ್ಬಿ ತೆಗೆದು ನೋಡಿ."

ನನ್ನ ಗಂಡ ಮುಜುಗರದಿಂದ, "ಅಯ್ಯೋ, ಮತ್ತೆ ನಿಮಗೆ ಚಹಾ?" ಎಂದರು ಆ ಯಜಮಾನರಿಗೆ.

"ನನ್ನ ಚಾ ಕೆಳಗೆ ಕೆಫೆಟೇರಿಯಾದಲ್ಲಿ. ಕುಡಿದು, ಬಾಯಿ ಮುಕ್ಕಳಿಸಿ, ಆಮೇಲೆ ಮೇಲೆ ಬರುದು. ಇದು ಇವಳ ಆರ್ಡರ್" ಎಂದು ನಕ್ಕರು. ಅಕ್ಕ ನಗಲಿಲ್ಲ. ನಮ್ಮ ಉತ್ತರಕ್ಕೆ ಕಾಯುತ್ತಿದ್ದರು.

ನನ್ನ ಗಂಡ ನಮ್ಮ ಮನೆಗೆ ಹೋಗಿ, ಮಗಳನ್ನು ಎತ್ತಿಕೊಂಡು ಬಂದು ಅವರ ನಡುಮನೆಯ ನೆಲದ ಮೇಲೆ ಇಳಿಸಿದರು. ಅವಳು ನೇರ ಅಡುಗೆಮನೆಗೆ ಓಡಿದಳು. ಅಕ್ಕ ಆಗ ಅತ್ತರು, ಸೆರಗಿಲ್ಲದ ನೈಟಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಾ.

ನಮ್ಮ ಸ್ವಂತ ಮನೆಯಲ್ಲೇ ಗಂಡನಿಗಾಗಿ ಒಂದು ಮೂಲೆಯಲ್ಲಿ ಮೊಸರಿನ ಡಬ್ಬಿ ಇರುತ್ತಿತ್ತು; ಅದನ್ನು ಕಾಯುವುದೇ ನನಗೊಂದು ಕೆಲಸ. ದೋಹಾದಲ್ಲಿ ನನ್ನ ಮಗಳು ಏನನ್ನು ಮುಟ್ಟಿದರೂ, ಯಾವ ಚಮಚ ಬಾಯಿಗಿಟ್ಟರೂ ನಾನು ಹೆದರಬೇಕಿಲ್ಲದ ಜಾಗ ಎಂದರೆ ಆ ಮನೆ ಒಂದೇ. ಅಲ್ಲಿ ಹೋದರೆ ನನಗೆ ನಿದ್ದೆ ಬರುತ್ತಿತ್ತು. ಅವರ ಸೋಫಾದ ಮೇಲೆ ಹಾಗೇ ಒರಗಿ ಮಲಗಿಬಿಡುತ್ತಿದ್ದೆ. ಎದ್ದಾಗ ಅಡುಗೆಮನೆಯಿಂದ ಇಬ್ಬರ ಮಾತು ಕೇಳಿಸುತ್ತಿತ್ತು, ಅರ್ಧ ಕನ್ನಡ, ಅರ್ಧ ತುಳು...

ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಆ ವರ್ಕ್‌ಶಾಪ್ ಮುಚ್ಚಿತು. ಹೊಸ ಕೆಲಸ ಹುಡುಕುವ ವಯಸ್ಸಲ್ಲ, ಊರಿಗೆ ಹೋಗುತ್ತೇವೆ ಎಂದರು. ಹೊರಡುವ ದಿನ ಅಕ್ಕ ನನ್ನನ್ನು ಅಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. ಮಗಳ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹೆಣೆದು, "ಶಾಲೆಯಲ್ಲಿ ಯಾರು ಎಂತ ಕೊಟ್ರೂ ಅಮ್ಮನ ಹತ್ರ ಕೇಳದೆ ತಿನ್ಬಾರ್ದು ಆಯ್ತಾ ಬಾಲೆ" ಎಂದು ಹೇಳಿ ಲಿಫ್ಟ್ ಹತ್ತಿದರು.

ಮೊದಲ ವರ್ಷ ವಾರಕ್ಕೊಮ್ಮೆ ವೀಡಿಯೊ ಕಾಲ್. ಬರಬರುತ್ತಾ ಮಗಳು ಸ್ಕ್ರೀನಿನ ಮುಂದೆ ಕೂರಲು ಒಲ್ಲೆ ಎನ್ನತೊಡಗಿದಳು. ಅವಳ ಕನ್ನಡವೂ ತೆಳ್ಳಗಾಗುತ್ತಿತ್ತು. ಅಕ್ಕ ಕೇಳಿದ್ದಕ್ಕೆ ಎಸ್, ನೋ ಎಂದು ಓಡಿಹೋಗುತ್ತಿದ್ದಳು. "ಇರ್ಲಿ ಬಿಡು, ಆಡ್ಲಿ" ಎನ್ನುತ್ತಿದ್ದರು ಅಕ್ಕ. ಆಮೇಲೆ ಒಂದು ಸಂಜೆ ಅವರ ಯಜಮಾನರಿಂದ ವಾಯ್ಸ್ ಮೆಸೇಜು ಬಂತು. ಅಕ್ಕನಿಗೆ ಹೃದಯಾಘಾತ. ಆಸ್ಪತ್ರೆ ತಲುಪುವಷ್ಟರಲ್ಲಿ...

ಆ ಹೊತ್ತಿಗೆ ನಾವು ಬಿನ್ ಮಹಮೂದ್ ಬಿಟ್ಟಾಗಿತ್ತು. ಹೊಸ ನೆರೆಯವರಲ್ಲಿ ಯಾರಿಗೂ ಅವರು ಗೊತ್ತಿರಲಿಲ್ಲ. ಗಂಡ ಬರುವವರೆಗೆ ಈ ಸುದ್ದಿಯನ್ನು ಯಾರಿಗೆ ಹೇಳುವುದೆಂದು ತಿಳಿಯದೆ, ಹೇಗೆ ಹೇಳಿದರೂ 'ಪಕ್ಕದ ಮನೆಯವರೊಬ್ಬರು' ಎಂದಷ್ಟೇ ಆಗುತ್ತದಲ್ಲ ಎಂದುಕೊಂಡು, ಮಗಳ ಯೂನಿಫಾರಂ ಇಸ್ತ್ರಿ ಮಾಡುತ್ತಾ ನಿಂತಿದ್ದೆ.

ಕಳೆದ ಚಳಿಗಾಲದಲ್ಲಿ ಮಗಳಿಗೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಡಾಕ್ಟರ ಕಣ್ಣೆದುರೇ ಮೊದಲು ಹನಿಯಷ್ಟು ಹಾಲು, ಸ್ವಲ್ಪ ಹೊತ್ತು ಬಿಟ್ಟು ಚಮಚ, ಆಮೇಲೆ ಅರ್ಧ ಲೋಟ. ನಾನು ಅವಳ ತುಟಿ, ಕಣ್ಣು, ಕುತ್ತಿಗೆ ನೋಡುತ್ತಾ ಕೂತಿದ್ದೆ. ಏನೂ ಆಗಲಿಲ್ಲ. "ಟೇಸ್ಟ್ ಚೆನ್ನಾಗಿಲ್ಲ ಅಮ್ಮಾ" ಎಂದಳು. ಡಾಕ್ಟರು ನಗುತ್ತಾ ಕೈಕುಲುಕಿದರು. ಕಾರಿನಲ್ಲಿ ಕೂತು ಫೋನು ಕೈಗೆತ್ತಿಕೊಂಡೆ. ಅತ್ತೆಗೆ ಹೇಳಿದೆ. "ನಾನು ಆಗ್ಲೇ ಹೇಳಿರ್ಲಿಲ್ವಾ, ಎಲ್ಲಾ ಸರಿಹೋಗುತ್ತೆ ಅಂತ" ಎಂದರು. ಅಮ್ಮನಿಗೆ ಹೇಳಿದೆ, ಅವಳು ಮತ್ತೆ ಅತ್ತಳು. ಅಷ್ಟಾದ ಮೇಲೂ ಫೋನು ಕೆಳಗಿಡಲು ಆಗಲಿಲ್ಲ.

ನಿನ್ನೆ ಮಗಳ ಕ್ಲಾಸಿನ ಹುಡುಗಿಯ ಹುಟ್ಟುಹಬ್ಬವಿತ್ತು. ಕೇಕ್ ಕತ್ತರಿಸಿದಾಗ ಎಲ್ಲ ಮಕ್ಕಳ ಜೊತೆ ನನ್ನ ಮಗಳೂ ಮುಗಿಬಿದ್ದು ಕ್ರೀಮ್ ಮೆತ್ತಿಕೊಂಡು ತಿಂದಳು. ಒಂದು ಸಲವೂ ತಿರುಗಿ ನನ್ನ ಕಡೆ ನೋಡಲಿಲ್ಲ. ಅವಳಿಗೆ ಆ ಮನೆಯಾಗಲಿ, ಆ ಅಡುಗೆಮನೆಯಾಗಲಿ ನೆನಪಿಲ್ಲ. ಹಿಂದೊಮ್ಮೆ ಫೋಟೋ ತೋರಿಸಿದಾಗ, "ಇವರು ನಮ್ಮ ರಿಲೇಟಿವ್ವಾ?" ಎಂದು ಕೇಳಿದ್ದಳು. ಹೌದೆಂದಿದ್ದೆ.

ಗೋಡೆಗೆ ಒರಗಿ ನೋಡುತ್ತಿದ್ದ ನನ್ನ ಕೈಗೆ ಪಕ್ಕದಲ್ಲಿದ್ದ ತಾಯಿಯೊಬ್ಬರು ಟಿಶ್ಯೂ ಕೊಟ್ಟರು. "ಯಾಕೆ, ಏನಾಯ್ತು?" ಎಂದರು. ಒಳ್ಳೆಯವರಂತೆ ಕಂಡರು. ಹೇಳೋಣವೆನಿಸಿತು. ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸುವಷ್ಟರಲ್ಲಿ ಅವರ ಮಗ ಜ್ಯೂಸ್ ಚೆಲ್ಲಿಕೊಂಡು ಕೂಗಿದ. ಅವರು ಆ ಕಡೆ ಓಡಿದರು.