ಕದ್ದ ಕಾಲ

ಡೆಟ್ರಾಯಿಟ್‌ನ ಕಾರು ಕಂಪನಿಗಳು ಒಂದರ ಹಿಂದೊಂದು ಮಕಾಡೆ ಮಲಗಿದ ವರ್ಷ ನನಗೆ ಎರಡು ಸಲ ಕೆಲಸ ಹೋಯಿತು. ಮೊದಲು ಹೋದದ್ದು ಕಾರಿನ ಬ್ರೇಕ್ ಡಿಸೈನ್ ಮಾಡುವ ಕೆಲಸ. ಎರಡನೆಯ ಸಲ ನನ್ನನ್ನು ತೆಗೆದುಹಾಕಿದವಳು ಹನ್ನೊಂದು ವರ್ಷದ ನನ್ನ ಮಗಳು.

ಮೊದಲನೆಯದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕಾಫಿ ಲೋಟ, ಪುಟ್ಟ ಗಣಪತಿ, ಹೆಸರಿನ ಫಲಕ ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡು ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಗೆ ಬಂದೆ. ಆಮೇಲೆ ಅಪ್ಲೈ ಮಾಡುವುದು, ಫೋನಿಗೆ ಕಾಯುವುದು. ಹೆಂಡತಿ ಆಸ್ಪತ್ರೆಯ ಲ್ಯಾಬಿಗೆ ಹೋಗುತ್ತಿದ್ದಳು. ನಾಲ್ಕು ಗಂಟೆಗೆ ಮಗಳು ಶಾಲೆಯಿಂದ ಬಂದು ಪಿಯಾನೋ ಮುಂದೆ ಕೂತರೆ ಪಕ್ಕದ ಕುರ್ಚಿಯಲ್ಲಿ ನಾನು. ಇಡೀ ದಿನಕ್ಕೆ ಇದ್ದದ್ದು ಅದೊಂದೇ ಮೀಟಿಂಗ್. ಅದಕ್ಕೆ ನಾನು ಒಂದು ದಿನವೂ ತಡವಾಗಿ ಹೋಗಲಿಲ್ಲ.

ಅವಳ ಟೀಚರ್ ಪೋಲೆಂಡಿನಲ್ಲಿ ಹುಟ್ಟಿದ ವಯಸ್ಸಾದ ಹೆಂಗಸು. ಏಪ್ರಿಲ್ ತಿಂಗಳಲ್ಲಿ ಶಿಷ್ಯರೆಲ್ಲ ಜನರೆದುರು ನುಡಿಸುವ ರಿಸೈಟಲ್‌ಗೆಂದು ತಮ್ಮ ದೇಶದವನೇ ಆದ ಹಳೆಯ ಕಾಲದ ಸಂಗೀತಗಾರನೊಬ್ಬನ ಮಜುರ್ಕಾ ಕೊಟ್ಟಿದ್ದರು. ಮಜುರ್ಕಾ ಎಂದರೆ ಅವರ ಹಳ್ಳಿಯ ಕುಣಿತ, ಮೂರರ ಎಣಿಕೆ. ಮೂರೆಂದರೆ ನಮ್ಮ ರೂಪಕ ತಾಳ. ಮೈಸೂರಿನಲ್ಲಿ ಎರಡು ವರ್ಷ ಮೃದಂಗ ಕಲಿತು ಬಿಟ್ಟವನಿಗೆ ಇನ್ನೇನು ಅರ್ಹತೆ ಬೇಕು? ತೊಡೆಯ ಮೇಲೆ ಎರಡು ಪೆಟ್ಟು, ಒಂದು ಹುಸಿ. ಶ್ರುತಿ ತಾಯಿ, ಲಯ ತಂದೆ ಎಂದು ದೊಡ್ಡವರು ಹೇಳಿದ್ದಾರಲ್ಲ; ನನ್ನ ಹೊಸ ಉದ್ಯೋಗಕ್ಕೆ ಶಾಸ್ತ್ರದ ಆಧಾರವೂ ಇತ್ತು. ಅವಳು ಯಾವುದಾದರೂ ಸ್ವರದ ಮೇಲೆ ಕೊಂಚ ನಿಧಾನಿಸಿದರೆ "ಎಳೀಬೇಡ ಪುಟ್ಟಿ" ಅನ್ನುತ್ತಿದ್ದೆ. ಹದಿನಾಲ್ಕು ವರ್ಷ ಬ್ರೇಕ್ ಮಾಡಿ ಬದುಕಿದವನ ಬಾಯಲ್ಲಿ ಈ ಮಾತು. ಎರಡು ತಿಂಗಳಲ್ಲಿ ಮಜುರ್ಕಾ ಗಡಿಯಾರದ ಹಾಗೆ ನಡೆಯತೊಡಗಿತು.

ಬಿಡುವಿಗೆ ಬರವಿಲ್ಲದ್ದರಿಂದ ಲೈಬ್ರರಿಯಿಂದ ಆ ಸಂಗೀತಗಾರನ ಜೀವನಚರಿತ್ರೆಯನ್ನೂ ತಂದು ಓದಿದೆ. ಇಪ್ಪತ್ತಕ್ಕೆ ದೇಶ ಬಿಟ್ಟವನು. ಪ್ಯಾರಿಸ್ ಮೂಲಕ ಲಂಡನ್ನಿಗೆ ಎಂದು ಪಾಸ್‌ಪೋರ್ಟಿನಲ್ಲಿ ಬರೆಸಿಕೊಂಡು ಬಂದು, ಪ್ಯಾರಿಸ್ಸಿನಲ್ಲೇ ಸಾಯುವ ತನಕ ಉಳಿದ. ನಮ್ಮ ಕನ್ನಡ ಕೂಟದಲ್ಲೂ ಎಲ್ಲರೂ ಎರಡೇ ವರ್ಷಕ್ಕೆಂದು ಬಂದವರೇ. ಅವನು ಜನರ ಮುಂದೆ ನುಡಿಸಲು ಅಂಜುತ್ತಿದ್ದ, ಸಿರಿವಂತರ ಹೆಣ್ಣುಮಕ್ಕಳಿಗೆ ಪಾಠ ಹೇಳಿ ಬದುಕಿದ. ಸತ್ತ ಮೇಲೆ ಅವನ ಹೃದಯವನ್ನು ಜಾಡಿಯಲ್ಲಿಟ್ಟುಕೊಂಡು ಅಕ್ಕ ಊರಿಗೆ ಒಯ್ದಳಂತೆ. ನಾವು ಊರಿನಿಂದ ಉಪ್ಪಿನಕಾಯಿ ಜಾಡಿ ತರುತ್ತೇವೆ. ಅವನದು ಉಲ್ಟಾ ಪ್ರಯಾಣ.

ಮಾರ್ಚ್‌ನಲ್ಲಿ ಒಂದು ದಿನ ಟೀಚರ್ ನನ್ನನ್ನು ಒಳಗೆ ಕರೆದರು. "ಇದಕ್ಕೆ ಇಸ್ತ್ರಿ ಹಾಕಿದ್ದು ಯಾರು?" ಎಂದು ಕೇಳಿದರು. ಮಗಳು ನೆಲ ನೋಡಿದಳು. ಹೊಗಳುತ್ತಿದ್ದಾರೆಂದುಕೊಂಡು ನಾನು ಕೈಯೆತ್ತಿದೆ.

ಆಮೇಲೆ ಅವರು ಸಾವಧಾನವಾಗಿ ವಿವರಿಸಿದರು. ಈ ಸಂಗೀತದಲ್ಲಿ ಕಾಲವನ್ನು ಕದಿಯಬೇಕಂತೆ. ಒಂದು ಸ್ವರದಿಂದ ಚೂರು ಕದ್ದು ಇನ್ನೊಂದಕ್ಕೆ ಕೊಡಬೇಕಂತೆ. ಆ ಸಂಗೀತಗಾರ ತಾನೇ ನುಡಿಸುವಾಗ ಕೇಳಿದವನೊಬ್ಬ, ಇದು ಮೂರರ ಎಣಿಕೆಯೇ ಅಲ್ಲ ಎಂದಿದ್ದಕ್ಕೆ ಜಗಳವೇ ಆಗಿತ್ತಂತೆ. "ಇನ್ನು ಮೂರು ವಾರ ಇದೆ. ಅಷ್ಟರಲ್ಲಿ ಇದು ಉಸಿರಾಡದಿದ್ದರೆ ಬೇರೆ ಹುಡುಗಿಗೆ ಕೊಡುತ್ತೇನೆ" ಎಂದರು.

ಮನೆಗೆ ಬಂದ ಮೇಲೆ ಮಗಳು ಪಿಯಾನೋ ಪಕ್ಕದ ಕುರ್ಚಿಯನ್ನು ಊಟದ ಮೇಜಿನ ಬಳಿ ಒಯ್ದಿಟ್ಟು, "ಅಪ್ಪಾ, ಪ್ಲೀಸ್ ಡೋಂಟ್ ಸಿಟ್ ವಿತ್ ಮಿ" ಅಂದಳು. ಈ ಸಲ ರಟ್ಟಿನ ಪೆಟ್ಟಿಗೆಯೂ ಇರಲಿಲ್ಲ.

"ಕೆಲಸ ಇಲ್ದಿರೋ ಬಡಗಿ ಮಗು ಕುಂಡೆ ಕೆತ್ತಿದ್ನಂತೆ" ಎಂದು ಹೆಂಡತಿ ಅನ್ನಕ್ಕಿಟ್ಟಳು. ನಗಲು ಆಗಲಿಲ್ಲ. ಕಂಪನಿ ನನ್ನನ್ನು ತೆಗೆದಾಗ ಅವಮಾನವಾಗಿತ್ತು, ಇದು ನೋವು. ಮೂರು ವಾರ ನಾಲ್ಕು ಗಂಟೆಯಾದರೆ ಗರಾಜಿಗೆ ಹೋಗಿ ಕೂರುತ್ತಿದ್ದೆ.

ರಿಸೈಟಲ್ ನಡೆದದ್ದು ಮರದ ನೆಲದ ಒಂದು ಚರ್ಚ್ ಹಾಲಿನಲ್ಲಿ. ಮಜುರ್ಕಾ ಮಗಳ ಬಳಿಯೇ ಉಳಿದಿತ್ತು, ಆದರೆ ಟೀಚರ್ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ನನ್ನ ಪಕ್ಕದಲ್ಲಿ ಕನ್ನಡ ಕೂಟದ ಹಿರಿಯ ಆಂಟಿ. ಯಾವ ಕಛೇರಿಯಿರಲಿ, ಮೊದಲ ಸಾಲಿನಲ್ಲಿ ಕೂತು ಎಲ್ಲರಿಗೂ ಕಾಣುವಂತೆ ತಾಳ ಹಾಕುವವರು. ನಾನು ಮಾತ್ರ ಎರಡೂ ಅಂಗೈಗಳನ್ನು ತೊಡೆಯಡಿ ತೂರಿಸಿ ಅವುಗಳ ಮೇಲೆ ಭದ್ರವಾಗಿ ಕೂತೆ.

ಮೊದಲ ಸುತ್ತು ಇಸ್ತ್ರಿ ಹಾಕಿದ ಹಾಗೇ ಬಂತು. ನನ್ನಿಂದಲೇ ಕೆಟ್ಟಿತಲ್ಲ ಎಂದು ಸಂಕಟವಾಯಿತು. ಎರಡನೆಯ ಸುತ್ತಿನಲ್ಲಿ ಅವಳು ಒಂದು ಸ್ವರದ ಮೇಲೆ ನಿಂತಳು. ನಿಂತೇ ಇದ್ದಳು. ನಾನು ಉಸಿರು ಹಿಡಿದೆ, ಎಣಿಕೆ ಕೈಬಿಟ್ಟುಹೋಯಿತು. ಆಗ ಅವಳು ಮುಂದಕ್ಕೆ ಹೊರಟಳು. ಅಲ್ಲಿಂದಾಚೆಗೆ ಆ ಕುಣಿತ ಯಾವ ರೂಪಕಕ್ಕೂ ಸಿಗಲಿಲ್ಲ. ಟೀಚರ್ ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು.

ಆಂಟಿಯ ಕೈ ಪರ್ಸಿನ ಮೇಲೆ ದಿಕ್ಕು ತಪ್ಪಿ ನಿಂತಿತ್ತು. ನನ್ನ ಕಡೆ ಬಾಗಿ, "ಪಾಪ, ಮಗೂಗೆ ತಾಳ ತಪ್ಪಿಹೋಯ್ತಲ್ಲಪ್ಪ" ಅಂದರು.

"ತಪ್ಪಲಿಲ್ಲ ಆಂಟಿ, ಕದ್ದ್ಲು" ಅಂದೆ. ಕಳ್ಳಿಯ ತಂದೆ ಎಂದು ಅಷ್ಟು ಹೆಮ್ಮೆ ಪಟ್ಟವನು ಇನ್ನೊಬ್ಬನಿರಲಾರ.

ಮನೆಗೆ ಡ್ರೈವ್ ಮಾಡುತ್ತಾ ಮಗಳನ್ನು ಕೇಳಿದೆ: "ಮಧ್ಯದಲ್ಲಿ ಅಷ್ಟೊತ್ತು ನಿಂತ್ಯಲ್ಲ, ಟೀಚರ್ ಹೇಳ್ಕೊಟ್ಟಿದ್ದಾ?"

"ನೋ. ಯುವರ್ ಫುಟ್, ಅಪ್ಪಾ. ಐ ಕುಡ್ ಹಿಯರ್ ಇಟ್. ಐ ವಾಸ್ ವೇಟಿಂಗ್ ಫಾರ್ ಇಟ್ ಟು ಸ್ಟಾಪ್."

ಕೈಗಳ ಮೇಲೆ ಕೂತವನಿಗೆ, ಮರದ ನೆಲಕ್ಕೆ ತಾಳ ಬಡಿಯುತ್ತಿದ್ದ ಕಾಲಿನ ನೆನಪೇ ಆಗಿರಲಿಲ್ಲ. ಆ ವರ್ಷವಿಡೀ ಯಾರುಯಾರಿಗೋ ಕಾದವನು ನಾನು. ನನಗೋಸ್ಕರ ಕಾದವಳು ಅವಳೊಬ್ಬಳೇ.