ಫೋನಿನ ಆ ಕಡೆಯ ಮೌನ

ಲಿಫ್ಟ್ ರಿಪೇರಿ ಮಾಡುವ ಅವನನ್ನು ಹೆಂಡತಿಯ ತವರಿನವರೆಲ್ಲ ‘ಮೇಲೆ-ಕೆಳಗೆ’ ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಭಾವಮೈದುನ ತಮಾಷೆಗೆ ಇಟ್ಟ ಹೆಸರು. ತಲೆ ನರೆತರೂ ಅದು ಅವನನ್ನು ಬಿಟ್ಟುಹೋಗಿರಲಿಲ್ಲ. ಅವನಿಗೂ ಬೇಸರವಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮಾಡುವುದಾದರೂ ಏನು, ಅದೇ ತಾನೆ ಎಂದುಕೊಳ್ಳುತ್ತಿದ್ದ.

ಅವನ ಮೊಬೈಲ್ ನಂಬರು ಊರಿನ ಎಷ್ಟೋ ಲಿಫ್ಟ್‌ಗಳ ಒಳಗೆ, ಗುಂಡಿಗಳ ಸಾಲಿನ ಕೆಳಗೆ, ಕೆಂಪಕ್ಷರದ ಚೀಟಿಯಾಗಿ ಅಂಟಿಕೊಂಡಿತ್ತು. ಲಿಫ್ಟ್ ನಡುವೆ ಎಲ್ಲಾದರೂ ನಿಂತುಬಿಟ್ಟರೆ ಒಳಗಿದ್ದವರು ಆ ನಂಬರಿಗೆ ಫೋನ್ ಮಾಡಬೇಕು. ಹಾಗೆ ಮಾಡುವವರು ಯಾರು, ಯಾವಾಗ ಮಾಡುತ್ತಾರೆ ಎನ್ನುವುದು ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಬೇರೆಯವರಂತೆ ಗುರುತಿಲ್ಲದ ನಂಬರು ಎಂದು ಫೋನನ್ನು ಮಗುಚಿಡುವ ಸ್ವಾತಂತ್ರ್ಯ ಅವನಿಗಿರಲಿಲ್ಲ.

ಕೆಲಸ ಕಲಿಸಿದ ಮೇಸ್ತ್ರಿ ಅವನಿಗೆ ಒಂದು ಮಾತು ಹೇಳಿದ್ದರು. “ಸಿಕ್ಕೊಂಡೋರಿಗೆ ಮೊದಲು ನಿನ್ನ ದನಿ ಮುಟ್ಲಿ ಕಣೋ. ಬಾಗಿಲು ಆಮೇಲೆ ತೆಗೀಬಹುದು.” ಅವನು ಅದನ್ನು ತಪ್ಪದೆ ನಡೆಸಿಕೊಂಡು ಬಂದಿದ್ದ. ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗಲೂ ಫೋನ್ ತೆಗೆದಿದ್ದ, ಅಪ್ಪನ ಅಂತ್ಯಸಂಸ್ಕಾರದ ದಿನವೂ ತೆಗೆದಿದ್ದ. ಒಳಗಿನಿಂದ ಅಳುವವರು, ದೇವರನ್ನು ಕರೆಯುವವರು, ಅವನ ವಂಶವನ್ನೇ ಜಾಲಾಡುವವರು, ಎಲ್ಲರೊಂದಿಗೂ ದಾರಿಯುದ್ದಕ್ಕೂ ಮಾತಾಡುತ್ತ ಹೋಗಿ ಬಾಗಿಲು ತೆಗೆದಿದ್ದ. ದೊಡ್ಡ ಹೆಸರೇನೂ ಮಾಡದ ಆ ಮನುಷ್ಯನಿಗೆ ತನ್ನ ಬಗ್ಗೆ ಇದ್ದ ಹೆಮ್ಮೆ ಇದೊಂದೇ: ಒಳಗೆ ಸಿಕ್ಕಿಕೊಂಡ ಯಾರನ್ನೂ ಅವನು ಒಂಟಿಯಾಗಿ ಬಿಟ್ಟಿರಲಿಲ್ಲ.

ಆಮೇಲೆ ಚುನಾವಣೆ ಬಂತು.

ಮೊದಲ ವಾರ ಅವನು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. “ನಮಸ್ಕಾರ ಮತದಾರ ಬಂಧುಗಳೇ, ನಾನು ನಿಮ್ಮ ಮನೆಮಗ ಮಾತಾಡ್ತಾ ಇದೀನಿ,” ಎಂದು ಒಬ್ಬ ಅಭ್ಯರ್ಥಿಯ ರೆಕಾರ್ಡ್ ಮಾಡಿದ ದನಿ ಹೇಳಿದರೆ, ಅದನ್ನು ಮುಗಿಸುವಷ್ಟರಲ್ಲಿ ಇನ್ನೊಬ್ಬ ಮನೆಮಗ ಸಾಲಿನಲ್ಲಿ ನಿಂತಿರುತ್ತಿದ್ದ. ಪ್ರತಿ ಸಲವೂ ಬೇರೆ ನಂಬರು. ಒಂದನ್ನು ಬ್ಲಾಕ್ ಮಾಡಿದರೆ ಮತ್ತೊಂದರಿಂದ ಅದೇ ದನಿ, ಅದೇ ನಗು, ಹಿನ್ನೆಲೆಯಲ್ಲಿ ಅದೇ ಡೋಲು. ಲಿಫ್ಟಿನ ತಲೆಯ ಮೇಲೆ ಕೂತು ಹಗ್ಗಕ್ಕೆ ಗ್ರೀಸು ಹಚ್ಚುತ್ತಿರುವಾಗ ಫೋನ್ ಬಂದರೆ, ಕೆಲಸ ನಿಲ್ಲಿಸಿ, ಕೈ ಒರೆಸಿಕೊಂಡು, ಜೇಬಿನಿಂದ ತೆಗೆದು ಕಿವಿಗಿಟ್ಟುಕೊಳ್ಳಬೇಕು. ಯಾರೋ ಸಿಕ್ಕಿಕೊಂಡರೇನೋ ಎಂದು ಎದೆ ಒಮ್ಮೆ ಧಸಕ್ಕೆನ್ನುವುದು. ಆಮೇಲೆ ಮನೆಮಗ. ದಿನಕ್ಕೆ ಹೀಗೆ ಎಷ್ಟು ಸಲ ಹೆದರಲು ಸಾಧ್ಯ? ಸಂಜೆಗೆ ಅವನ ಮೈಯಲ್ಲಿ ಹೆದರಿಕೆಯೂ ಉಳಿದಿರುತ್ತಿರಲಿಲ್ಲ, ಬರೀ ಸುಸ್ತು.

ಮನೆಯಲ್ಲಿ ಈ ಫೋನುಗಳಿಂದ ಖುಷಿಪಟ್ಟವಳು ಅವರ ಜೊತೆಗೇ ಇದ್ದ ಅತ್ತೆ ಒಬ್ಬಳೇ. ಅಳಿಯ ಕೈತೊಳೆಯಲು ಎದ್ದಾಗ ತಾನೇ ಫೋನ್ ಎತ್ತಿಕೊಂಡು, “ನಮ್ಮ ಅಳಿಯ ಈಗಷ್ಟೇ ಊಟ ಮಾಡಿ ಎದ್ದನಪ್ಪ, ನೀನೂ ಊಟ ಮಾಡಿ ಆಮೇಲೆ ಮಾಡು,” ಎನ್ನುವಳು.

“ಅಮ್ಮಾ, ಅದು ಮೆಷಿನ್ನು,” ಎಂದು ಮಗಳು ಕೂಗಿದರೆ, “ಇರ್ಲಿ ಬಿಡೇ. ಹೊಟ್ಟೇಲಿ ಹುಟ್ಟಿದ ನಿನ್ನ ತಮ್ಮ ತಿಂಗಳಿಗೊಂದು ಫೋನ್ ಮಾಡಲ್ಲ. ಇವನು ಮೂರು ಹೊತ್ತೂ ಮಾಡ್ತಾನೆ. ಮನೆಮಗ ಅಂದ್ರೆ ತಪ್ಪೇನು?” ಎನ್ನುವಳು.

ಎರಡನೇ ವಾರದಲ್ಲಿ ಮೇಲೆ-ಕೆಳಗೆ ಒಂದು ಉಪಾಯ ಕಂಡುಕೊಂಡ. ಆ ಯಂತ್ರದ ಫೋನುಗಳಿಗೆಲ್ಲ ಒಂದು ಗುಣವಿತ್ತು. ಎತ್ತಿದ ಕೂಡಲೇ ಮಾತು ಬರುತ್ತಿರಲಿಲ್ಲ. ಆ ಕಡೆ ಒಂದು ಚೂರು ಮೌನ ಇರುತ್ತಿತ್ತು. ಆಮೇಲೆ ಡೋಲು, ಆಮೇಲೆ ಮನೆಮಗ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಹಾಗಲ್ಲ. ಈ ಕಡೆಯವರು ಹಲೋ ಎನ್ನುವ ಮೊದಲೇ ಅವರು ಹಲೋ ಹಲೋ ಎಂದು ಕಿರುಚುತ್ತಿರುತ್ತಾರೆ. ಹಾಗಿದ್ದ ಮೇಲೆ ಮೌನ ಕೇಳಿದರೆ ಕಟ್ ಮಾಡಿದರಾಯಿತು. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ. ಹೆಂಡತಿಗೂ ಹೇಳಿದ. “ಅಂತೂ ನಿಮ್ಮ ತಲೆನೂ ಒಂದು ಮಹಡಿ ಮೇಲಕ್ಕೆ ಹೋಯ್ತು,” ಎಂದು ಅವಳು ನಕ್ಕಳು.

ಆ ದಿನ ಮಧ್ಯಾಹ್ನ ಅವನು ಒಂದು ಆಸ್ಪತ್ರೆಯ ಲಿಫ್ಟಿನ ಗುಂಡಿಯಲ್ಲಿ, ಎಂದರೆ ತಳದ ಹಳ್ಳದಲ್ಲಿ, ಮಂಡಿಯೂರಿ ಕೂತಿದ್ದ. ಸೋರಿದ ನೀರು, ಸತ್ತ ಹಲ್ಲಿ, ಯಾರೋ ಬೀಳಿಸಿದ ಬಾಚಣಿಗೆ. ಬಾಯಿಯಲ್ಲಿ ಟಾರ್ಚು ಕಚ್ಚಿಕೊಂಡಿದ್ದ. ಬೆಳಗಿನಿಂದ ಮನೆಮಕ್ಕಳು ಒಬ್ಬರ ಹಿಂದೊಬ್ಬರು ಬಂದು ತಲೆ ಚಿಟ್ಟು ಹಿಡಿದಿತ್ತು. ಆಗ ಫೋನ್ ಬಂತು. ಎತ್ತಿದ. ಮೌನ. ಕಟ್ ಮಾಡಿದ. ಕೂಡಲೇ ಮತ್ತೆ ಬಂತು. ಮತ್ತೆ ಮೌನ. ಕಟ್ ಮಾಡಿದ. ಮೂರನೆಯ ಸಲ ಬಂದಾಗ ಅವನ ತಾಳ್ಮೆ ಮುಗಿದಿತ್ತು. ಯಂತ್ರಕ್ಕೆ ಬೈದರೆ ಪಾಪವಿಲ್ಲ ಎಂದುಕೊಂಡು ಬಾಯಿಯಿಂದ ಟಾರ್ಚು ತೆಗೆದು, “ಬೇರೆ ಕೆಲಸ ಇಲ್ವಾ ನಿಂಗೆ? ಬಾಯಿ ಮುಚ್ಕೊಂಡು ಬಿದ್ದಿರು!” ಎಂದು ಕೂಗಿಬಿಟ್ಟ. ಆ ಹಳ್ಳದಲ್ಲಿ ಅವನ ದನಿ ಅವನಿಗೇ ತಿರುಗಿ ಕೇಳಿಸಿತು. ಮನಸ್ಸಿಗೆ ಸ್ವಲ್ಪ ಹಗುರವಾಯಿತು. ಆಮೇಲೆ ಆ ನಂಬರಿನಿಂದ ಫೋನ್ ಬರಲಿಲ್ಲ.

ಬಂದದ್ದು ಇನ್ನೊಂದು ಫೋನು, ಬಹಳ ಹೊತ್ತಿನ ಮೇಲೆ. ಪೇಟೆಯ ಐದು ಮಹಡಿಯ ಹಳೇ ಕಟ್ಟಡದಲ್ಲಿ ಕಸ ಗುಡಿಸುವ ಹೆಂಗಸು ಮಾಡಿದ್ದಳು. “ಅಣ್ಣಾ, ನಿಮ್ಮ ಲಿಫ್ಟ್ ಒಳಗೆ ಯಾರೋ ಬಡೀತಾ ಇದಾರೆ. ಕೂಗಿದ್ರೆ ಉತ್ತರ ಇಲ್ಲ. ಬರೀ ಬಡಿಯೋದು. ನಂಗ್ಯಾಕೋ ಭಯ ಆಗ್ತಿದೆ.”

ಅವನು ಸ್ಕೂಟರಿನಲ್ಲಿ ಹೋದ. ಮೂರನೆಯ ಮಹಡಿಯ ಬಾಗಿಲ ಸಂದಿಗೆ ಬಾಯಿಟ್ಟು, “ನಾನು ಲಿಫ್ಟ್ ರಿಪೇರಿಯವನು, ಬಂದಿದೀನಿ, ಹೆದರ್ಬೇಡಿ. ಚೆನ್ನಾಗಿದೀರಾ?” ಎಂದ. ಕೆಳಗಿನಿಂದ ಟಕ್ ಎಂದು ಒಂದು ಸದ್ದು ಬಂತು. ಓಡಿ ಮಾಳಿಗೆ ಹತ್ತಿದ. ಯಂತ್ರದ ಕೋಣೆಯಲ್ಲಿ ಕರೆಂಟು ತೆಗೆದು, ಬ್ರೇಕು ಸಡಿಲಿಸಿ, ದೊಡ್ಡ ಗಾಲಿಯನ್ನು ಕೈಯಿಂದಲೇ ತಿರುಗಿಸಿ, ಲಿಫ್ಟನ್ನು ಮೂರನೆಯ ಮಹಡಿಯ ಸಮಕ್ಕೆ ತಂದ. ಮತ್ತೆ ಇಳಿದು ಬಂದು ಬಾಗಿಲು ತೆಗೆದ.

ಒಳಗೆ ನೆಲದ ಮೇಲೆ ಕೂತಿದ್ದವರು ಐದನೆಯ ಮಹಡಿಯ ಹಲ್ಲಿನವರು. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸ ಅವರದು. ಹುಬ್ಬಿನ ಮೇಲೆ ಸದಾ ಬಿಳಿಪುಡಿ, ಮಡಚಲು ಬಾರದ ಒಂದು ಮಂಡಿ, ಕಂಕುಳಲ್ಲಿ ರಟ್ಟಿನ ಡಬ್ಬಿ. ಎಷ್ಟೋ ವರ್ಷಗಳಿಂದ ಅವರನ್ನು ನೋಡುತ್ತಿದ್ದರೂ ಅವರ ಬಾಯಿಂದ ಒಂದು ಮಾತನ್ನೂ ಕೇಳಿರಲಿಲ್ಲ. ನಮಸ್ಕಾರ ಎಂದರೆ ತಲೆ ಆಡಿಸಿ ಹೋಗುತ್ತಿದ್ದರು. ಸೊಕ್ಕಿನ ಮನುಷ್ಯ ಎಂದುಕೊಂಡಿದ್ದ. ಈಗ ಡಬ್ಬಿ ತೊಡೆಯ ಮೇಲಿತ್ತು. ಯಾರದೋ ದವಡೆಯ ಅಚ್ಚು ಕೈಯಲ್ಲಿ ಒಡೆದು ಹೋಳಾಗಿತ್ತು. ಅದರಿಂದಲೇ ಗೋಡೆ ಬಡಿದಿದ್ದರು.

ಕಸ ಗುಡಿಸುವ ಹೆಂಗಸು ನೀರು ಕೊಟ್ಟಳು. ಮೇಲೆ-ಕೆಳಗೆ ಅವರನ್ನು ಎಬ್ಬಿಸಿ ನಿಲ್ಲಿಸುತ್ತ, “ಫೋನ್ ಮಾಡೋದಲ್ವಾ ಸಾರ್? ನಂಬರು ಕಣ್ಣ ಮುಂದೇನೇ ಇತ್ತಲ್ಲ,” ಎಂದ.

ಅವರು ಕಣ್ಣು ಮುಚ್ಚಿದರು. ದವಡೆ ನಡುಗಿತು, ಕುತ್ತಿಗೆಯ ನರ ಉಬ್ಬಿತು, ದನಿ ಮಾತ್ರ ಬರಲಿಲ್ಲ. ಇದೇನಾಯಿತು ಎಂದು ಅವನು ಗಾಬರಿಯಿಂದ ಆ ಹೆಂಗಸಿನ ಕಡೆ ನೋಡಿದ.

“ಅವರಿಗೆ ಮಾತು ತಡೆಯುತ್ತೆ ಅಣ್ಣ. ಮೊದಲನೇದು ಹೊರಡೋದೇ ಕಷ್ಟ. ಸ್ವಲ್ಪ ತಾಳಿ.”

ಅವನು ತಾಳಿದ. ಇಲ್ಲಿ ಓದುವಷ್ಟು ಸಲೀಸಾಗಿ ಆ ಮಾತು ಬರಲಿಲ್ಲ, ಆದರೆ ಬಂತು.

“ಮೂರು ಸಲ ಮಾಡಿದೆ. ಬಾಯಿ ಮುಚ್ಕೊಂಡಿರು ಅಂದ್ರಿ. ಮುಚ್ಕೊಂಡೆ.”

ಅವನು ಗೋಡೆಗೆ ಒರಗಿ ನಿಂತ. “ಸಾರ್, ನಾನು... ಚುನಾವಣೆ ಫೋನು ಅನ್ಕೊಂಡೆ ಸಾರ್.”

ಹಲ್ಲಿನವರು ಒಡೆದ ಅಚ್ಚಿನ ಚೂರುಗಳನ್ನು ಡಬ್ಬಿಗೆ ತುಂಬಿಕೊಂಡರು. ಮತ್ತೆ ಕಣ್ಣು ಮುಚ್ಚಿ, ಮಾತನ್ನು ಒಳಗಿನಿಂದ ಎಳೆದು ತಂದರು. “ಈಗ ಎಲ್ಲರೂ ಹಾಗೇ ಅನ್ಕೋತಾರೆ. ಹೊಸ ಡಾಕ್ಟರುಗಳು, ಸಾಮಾನಿನ ಅಂಗಡಿಯೋರು. ನಾನು ಬಾಯಿ ಬಿಡೋ ಹೊತ್ತಿಗೆ ಲೈನು ಇರಲ್ಲ. ನೀವೊಬ್ರೇ ಅಲ್ಲ.”

ಅಷ್ಟು ಹೇಳಿ, ಅವನು ಹಿಡಿದಿದ್ದ ತೋಳನ್ನು ಮೆಲ್ಲಗೆ ಬಿಡಿಸಿಕೊಂಡು, ಉಳಿದ ಎರಡು ಮಹಡಿಯನ್ನು ಮೆಟ್ಟಿಲಲ್ಲಿ ಹತ್ತಿದರು. ನೆಟ್ಟಗಿನ ಮಂಡಿಯನ್ನು ಒಂದೊಂದೇ ಮೆಟ್ಟಿಲಿಗೆ ಎತ್ತಿಡುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಅವನು ಅಂದೇ ನಿಂತು ಲಿಫ್ಟ್ ಸರಿ ಮಾಡಿದ. ಮರುದಿನ ಮತ್ತೆ ಪರೀಕ್ಷಿಸಲು ಹೋದಾಗ ಹಲ್ಲಿನವರು ಮೆಟ್ಟಿಲ ತಿರುವಿನಲ್ಲಿ ಡಬ್ಬಿ ಕೆಳಗಿಟ್ಟು ಸುಧಾರಿಸಿಕೊಳ್ಳುತ್ತಿದ್ದರು. “ಸರಿಯಾಗಿದೆ ಸಾರ್, ಬನ್ನಿ,” ಎಂದ. ಅವರು ತಲೆ ಅಡ್ಡಡ್ಡ ಆಡಿಸಿದರು. ಆಮೇಲೂ ಹೋದಾಗಲೆಲ್ಲ ಅದೇ. ಒಂದು ದಿನ ಅವನು ಮೆಟ್ಟಿಲ ಮೇಲೆಯೇ ಅವರ ಪಕ್ಕ ಕೂತು ಹೇಳಿದ, “ಇನ್ಮೇಲೆ ಕಟ್ ಮಾಡಲ್ಲ ಸಾರ್. ಮೌನ ಎಷ್ಟು ಹೊತ್ತಿದ್ರೂ ಕಾಯ್ತೀನಿ.” ಅವರು ಡಬ್ಬಿ ಎತ್ತಿಕೊಂಡು ಮತ್ತೆ ಮೆಟ್ಟಿಲು ಹತ್ತಿದರು. ಲಿಫ್ಟಿನ ತಂತಿ, ಗಾಲಿ, ಬ್ರೇಕು ಎಲ್ಲವನ್ನೂ ಅವನು ಸರಿ ಮಾಡಬಲ್ಲವನಾಗಿದ್ದ. ಆದರೆ ಅವರು ನಂಬುವುದನ್ನು ನಿಲ್ಲಿಸಿದ್ದು ಲಿಫ್ಟನ್ನಲ್ಲ, ಫೋನಿನ ಈ ಕಡೆ ಇದ್ದ ತನ್ನನ್ನು ಎಂದು ಅವನಿಗೆ ಗೊತ್ತಿತ್ತು.

ಹೇಳಿದಂತೆ ನಡೆದುಕೊಂಡ. ಯಾವ ಫೋನ್ ಬಂದರೂ ಎತ್ತಿ, “ಲಿಫ್ಟ್ ರಿಪೇರಿ. ನಾನಿದೀನಿ, ನಿಧಾನಕ್ಕೆ ಹೇಳಿ,” ಎಂದು ಕಾಯುತ್ತಿದ್ದ. ಮನೆಮಕ್ಕಳು ಯಾರೂ ನಿಧಾನಕ್ಕೆ ಹೇಳುವವರಲ್ಲ. ರಸ್ತೆ, ನೀರು, ಕೆಲಸ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸುರಿಯುತ್ತಿದ್ದರು. ಮನುಷ್ಯನಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಕಟ್ ಮಾಡುವನು. ಹಳೆಯ ಉಪಾಯ ಬಿಟ್ಟಮೇಲೆ ಸುಸ್ತು ಇಮ್ಮಡಿಯಾಯಿತು. ಚಹಾದಂಗಡಿಯಲ್ಲಿ ಪಕ್ಕದವರು ಅವನನ್ನು ವಿಚಿತ್ರವಾಗಿ ನೋಡುತ್ತಿದ್ದರು.

“ಈಗ ನೋಡು ನಿನ್ನ ಗಂಡ ಮರ್ಯಾದಸ್ತ ಆದ,” ಎಂದಳು ಅತ್ತೆ.

“ಮರ್ಯಾದೆ ಇರ್ಲಿ, ಮನುಷ್ಯ ಅರ್ಧ ಆಗಿದಾರೆ,” ಎಂದಳು ಹೆಂಡತಿ.

ಪ್ರಚಾರ ಮುಗಿಯಲು ಇನ್ನು ಸ್ವಲ್ಪವೇ ಉಳಿದಿದ್ದ ಒಂದು ಸಂಜೆ, ಬೇಗನೆ ಮನೆಗೆ ಬಂದು ತಟ್ಟೆಯ ಮುಂದೆ ಕೂತಿದ್ದ. ಎರಡು ತುತ್ತಿಗೆ ಮೂರು ಫೋನು ಬಂದಿದ್ದವು. ನಾಲ್ಕನೆಯದು ಬಂತು. ಎಡಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿಕೊಂಡೇ, “ಲಿಫ್ಟ್ ರಿಪೇರಿ. ನಾನಿದೀನಿ, ನಿಧಾನಕ್ಕೆ ಹೇಳಿ,” ಎಂದ.

ಮೌನ.

“ಕಟ್ ಮಾಡ್ರೀ. ಊಟ ಆರ್ತಿದೆ,” ಎಂದಳು ಹೆಂಡತಿ.

ಅವನು ಬಲಗೈ ಎತ್ತಿ ತಡೆದ. ಡೋಲು ಬರಲಿಲ್ಲ. ಯಂತ್ರ ಇಷ್ಟು ಹೊತ್ತು ಸುಮ್ಮನಿರುವುದಿಲ್ಲ. “ನಾನಿಲ್ಲೇ ಇದೀನಿ,” ಎಂದ ಮತ್ತೆ. ಅತ್ತೆಯೂ ಅಗಿಯುವುದನ್ನು ನಿಲ್ಲಿಸಿದಳು.

“ಲಿ... ಲಿಫ್ಟ್ ನಿಂತಿಲ್ಲ,” ಎಂದಿತು ದನಿ. “ಕೆಳಗೆ, ಬಾಗಿಲ ಮುಂದೆ ನಿಂತಿದೀನಿ. ಒಳಗೆ ಹೋಗೋಕೆ ಮುಂಚೆ... ನೀವು ತಗೋತೀರೋ ಇಲ್ವೋ ನೋಡೋಣ ಅಂತ.”

ಈ ಸಲ ಮಾತು ಹೊರಡಲು ತಡವಾದದ್ದು ಅವನಿಗೇ. “ಹತ್ತಿ ಸಾರ್. ಐದನೇದು ಬರೋವರೆಗೂ ಲೈನಲ್ಲೇ ಇರ್ತೀನಿ.”

ಬಾಗಿಲು ಎಳೆದ ಸದ್ದು ಕೇಳಿಸಿತು, ಗುಂಡಿ ಒತ್ತಿದ ಸದ್ದು ಕೇಳಿಸಿತು, ಆಮೇಲೆ ಅವನಿಗೆ ಚೆನ್ನಾಗಿ ಪರಿಚಯವಿದ್ದ ಯಂತ್ರದ ಗುಂಯ್ ಸದ್ದು. ನಡುವೆ ಇನ್ನೊಂದು ಫೋನು ಬಂದು ಕಿವಿಯಲ್ಲಿ ಪೀಂ ಪೀಂ ಎಂದು ಗೋಗರೆಯಿತು. ಅದರ ಪಾಡಿಗೆ ಅದನ್ನು ಬಿಟ್ಟ.

“ಬಂತು,” ಎಂದರು ಹಲ್ಲಿನವರು. ಬಾಗಿಲು ಮುಚ್ಚಿಕೊಂಡಿತು. ಅವರೇ ಫೋನ್ ಇಟ್ಟರು.

ಅವನು ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಅತ್ತೆ ಕೈಚಾಚಿದಳು. ಅವನು ಕೊಡಲಿಲ್ಲ. ತುತ್ತನ್ನು ತಟ್ಟೆಗೆ ಇಳಿಸಿ, ನಿಟ್ಟುಸಿರು ಬಿಟ್ಟು, ಎತ್ತಿದ.