ಕೊರಕಲಿಗೆ ಕಲ್ಲು ಹಾಕಿದ ಅತ್ತೆ

ನಮ್ಮತ್ತೆಯ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಕಲ್ಲು ಬಿದ್ದು ಜಜ್ಜಿದ ಉಗುರು ಅದು. ಮುದ್ದೆ ಕಟ್ಟುವಾಗ ಆ ಒಂದು ಬೆರಳನ್ನು ಎತ್ತಿ ಹಿಡಿದುಕೊಳ್ಳುತ್ತಿದ್ದರು.

ನಾನು ಶಾಗ್ಯದ ಆ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಸೀಮೆ ಇನ್ನೂ ಮದರಾಸಿಗೆ ಸೇರಿತ್ತು. ಮನೆ ಊರಿನಿಂದಾಚೆ ಹೊಲದಲ್ಲೇ ಇತ್ತು. ಎದುರಿಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಅತ್ತೆಯ ಒಡಹುಟ್ಟಿದ ತಂಗಿಯ ಮನೆ. ಅಜ್ಜೀಪುರದ ಈ ಅಕ್ಕತಂಗಿಯರನ್ನು ಒಂದೇ ಚಪ್ಪರದಲ್ಲಿ ಧಾರೆ ಎರೆದು ಅಕ್ಕಪಕ್ಕದ ಮನೆಗಳಿಗೆ ಕೊಟ್ಟಿದ್ದರು. ಆದರೆ ಎರಡು ಮನೆಗಳ ನಡುವೆ ಒಂದು ಕೊರಕಲಿತ್ತು.

ಅತ್ತೆ ಮದುವೆಯಾಗಿ ಬಂದಾಗ ಅಲ್ಲಿ ಕೊರಕಲೇ ಇರಲಿಲ್ಲವಂತೆ. ಗುಡ್ಡದಿಂದ ಸೌದೆ ಗಾಡಿಗಳು ಇಳಿಯುವ ಜಾಡು, ಅಷ್ಟೆ. ಗುಡ್ಡದ ಮರ ಕಡಿಮೆಯಾದಂತೆ ಮಳೆನೀರು ಆ ಜಾಡು ಹಿಡಿದು ಓಡತೊಡಗಿತು. "ಮೊದ್ಲು ದಾಟ್ಕಂಡು ಓಯ್ತಿದ್ದೊ, ಆಮ್ಯಾಕೆ ನೆಗೀತಿದ್ದೊ, ಆಮ್ಯಾಕೆ ಒಂದು ಅಲಗೆ ಆಕ್ಕಂಡೊ" ಎನ್ನುತ್ತಿದ್ದರು. ನಾನು ಬರುವ ಹೊತ್ತಿಗೆ ಹಲಗೆಯೂ ಸಾಲದಾಗಿತ್ತು. ಕೆಂಪು ಮಣ್ಣಿನ ಅಂಚು ಗೋಡೆಯ ಹಾಗೆ ನಿಂತಿತ್ತು. ಒಳಗೆ ಇಳಿದವರ ತಲೆ ಕಾಣುತ್ತಿರಲಿಲ್ಲ. ಆಚೆ ಮನೆಗೆ ಹೋಗಬೇಕೆಂದರೆ ಕೆಳಗಡೆ ಕೆರೆಯ ಹತ್ತಿರ, ಕೊರಕಲು ಅಗಲವಾಗಿ ಹರಡಿಕೊಂಡ ಕಡೆ ಇಳಿದು, ಹತ್ತಿ, ಸುತ್ತಿಕೊಂಡು ಹೋಗಬೇಕಿತ್ತು. ಮಂಡಿನೋವಿನ ಇಬ್ಬರಿಗೂ ಅದು ಆಗದ ಕೆಲಸ. ದಿನಾ ಬೆಳಿಗ್ಗೆ ಕಸ ಗುಡಿಸಿ ಆದಮೇಲೆ ಈ ಅಂಚಿಗೆ ಇವರು, ಆ ಅಂಚಿಗೆ ಅವರು ಬಂದು ನಿಂತು ಕೂಗಿ ಮಾತಾಡುತ್ತಿದ್ದರು. ಗುಟ್ಟಿನ ಮಾತು ಒಂದೂ ಉಳಿದಿರಲಿಲ್ಲ.

ನಾನು ಬಂದ ಎರಡನೆಯ ವರ್ಷ, ಹಿಂಗಾರಿನಲ್ಲಿ, ಅತ್ತೆಯ ತಂಗಿಗೆ ಜ್ವರ ಬಂತು. ಅದೇ ದಿನ ಹಿಡಿದ ಮಳೆ ಬಿಡಲಿಲ್ಲ. ಕೊರಕಲು ಕೆಂಪಗೆ ತುಂಬಿ ಹರಿಯಿತು, ಕೆಳಗಿನ ದಾರಿಯೂ ಮುಚ್ಚಿತು. ಮೂರನೆಯ ದಿನ ಮಧ್ಯಾಹ್ನ ಆಚೆಯವರು ತಂಗಿಯನ್ನು ಮಂಚದ ಸಮೇತ ಜಗಲಿಗೆ ತಂದಿಟ್ಟರು. ಅತ್ತೆ ಮಳೆಗೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಅಂಚಿನಲ್ಲಿ ನಿಂತಿದ್ದರು. ತಂಗಿ ಕೈ ಎತ್ತಿದಂತಾಯಿತು. ಏನೋ ಹೇಳಿದಂತೆಯೂ ಕಂಡಿತು. ನೀರಿನ ಸದ್ದಿನಲ್ಲಿ ಏನೂ ಕೇಳಲಿಲ್ಲ.

"ಏನಂದ್ಲವ್ವ?" ಎಂದು ಅತ್ತೆ ನನ್ನನ್ನು ಕೇಳಿದರು.

"ಕೇಳಿಸ್ನಿಲ್ಲ ಅತ್ತೆ."

ಸಂಜೆಗೆ ತಂಗಿ ತೀರಿಕೊಂಡರು. ನೀರು ಇಳಿದು ನಾವು ಆಚೆ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಆ ಬೇಸಿಗೆ ಅತ್ತೆ ಕೊರಕಲಿಗೆ ಇಳಿದು ಕಲ್ಲು ಪೇರಿಸತೊಡಗಿದರು. ಮೊದಲ ಗೋಡೆಯನ್ನು ಎದೆಮಟ್ಟ ಕಟ್ಟಿದ್ದರು. ಉಗುರು ಜಜ್ಜಿದ್ದು ಆಗಲೇ. ಮೊದಲ ಮಳೆಗೇ ಅದು ಕಿತ್ತುಹೋಯಿತು. ಮಾವ ನಕ್ಕರು. "ಮಳೆ ಮುಂದೆ ನಿನ್ ಕಲ್ಲು ನಿಂತದಾ?"

ಅತ್ತೆ ಎರಡು ದಿನ ಅಲ್ಲೇ ಕೂತು ಉರುಳಿದ ಕಲ್ಲುಗಳನ್ನೇ ನೋಡಿದರು. ಆಮೇಲೆ ಮತ್ತೆ ಶುರುಮಾಡಿದರು. ಈ ಸಲ ಕೆರೆ ಕಡೆಯಿಂದ ಸಾಲು ಸಾಲಾಗಿ, ಮೊಣಕಾಲಷ್ಟೇ ಎತ್ತರ, ನಡುವೆ ತುಸು ತಗ್ಗು. "ತಡೀಬಾರ್ದು ಕಣವ್ವ. ನೀರು ಒಂದ್ಗಳಿಗೆ ಕುಂತು ಎದ್ದೋದ್ರೆ ಸಾಕು. ಕುಂತ ಜಾಗ್ದಲ್ಲಿ ಮಣ್ಣು ಬುಟ್ಟೋಯ್ತದೆ" ಎಂದರು. ಮೇಲೆ ಗುಡ್ಡದ ಕಡೆಯಿಂದ ಯಾಕೆ ಕಟ್ಟಬಾರದು ಎಂದು ಕೇಳಿದೆ. "ನೀರು ಮೇಲಿಂದ ಕೆಳಕ್ಕೆ ಓಯ್ತದೆ. ಕೊರಕ್ಲು ಕೆಳಗಿಂದ ಮೇಲಕ್ಕೆ ತಿನ್ಕಂಡು ಬತ್ತದೆ. ಬುಡದಿಂದ್ಲೇ ಕಟ್ಬೇಕು."

ನಿಜಕ್ಕೂ ಹಾಗೇ ಆಯಿತು. ಒಂದೊಂದು ಸಾಲಿನ ಹಿಂದೆಯೂ ಮಳೆಗಾಲ ಕಳೆದಾಗ ಗೇಣುದ್ದ ಮೆಕ್ಕಲು ನಿಂತಿರುತ್ತಿತ್ತು. ಅದು ತುಂಬಿದ ಮೇಲೆ ಅದರ ಮೇಲೊಂದು ಸಾಲು. ನಾನೂ ಹೊತ್ತೆ. ಹೊಲದಿಂದ ಬರುವಾಗ ಇಬ್ಬರ ತಲೆಯ ಮೇಲೂ ಹುಲ್ಲಿನ ಹೊರೆ, ಕಂಕುಳಲ್ಲಿ ಒಂದು ಕಲ್ಲು. ಒಮ್ಮೆ ಅತ್ತೆ ಬೆವರು ಒರೆಸಿಕೊಳ್ಳುತ್ತಾ ಆಚೆ ಜಗಲಿಯ ಕಡೆ ನೋಡಿ, "ನಾನು ನೆಗೀವಾಗ್ಲೇ ನಾಕು ಕಲ್ಲು ಆಕಿದ್ರೆ ಆಗಿತ್ತು" ಎಂದರು.

ಹೀಗೇ ಹಲವು ವರ್ಷ ಕಳೆದವು. ಕೊನೆಕೊನೆಗೆ ಅತ್ತೆಗೆ ನಡೆಯಲಾಗುತ್ತಿರಲಿಲ್ಲ. ಪ್ರತಿ ಮಳೆಯ ಮರುದಿನ ನನ್ನನ್ನು ಕಳಿಸಿ, ಬಂದ ಮೇಲೆ ಕೇಳುತ್ತಿದ್ದರು: "ಎಲ್ಲಿಗಂಟ ಬಂದದೆ?" ನಾನು ನನ್ನ ಮೈಮೇಲೇ ಕೈಯಿಟ್ಟು ತೋರಿಸುತ್ತಿದ್ದೆ: ಇನ್ನು ಉಳಿದಿರುವುದು ಎದೆಯಷ್ಟು, ಸೊಂಟದಷ್ಟು. ಸೊಂಟದಷ್ಟು ಎಂದ ಚಳಿಗಾಲದಲ್ಲೇ ಅವರು ಹೋಗಿಬಿಟ್ಟರು.

ಕಲ್ಲು ಹೊರುವುದನ್ನು ನಾನು ಬಿಡಲಿಲ್ಲ. ಇನ್ನೆರಡು ಮಳೆಗಾಲ ಕಳೆಯಿತು. ಅಂಚುಗಳು ಕುಸಿದು ಇಳಿಜಾರಾದವು, ಮೆಕ್ಕಲಿನಲ್ಲಿ ಗರಿಕೆ ಹಬ್ಬಿತು. ಒಂದು ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಇಳಿದೆ, ನಾಲ್ಕು ಹೆಜ್ಜೆ ಹಾಕಿದೆ, ಹತ್ತಿದೆ. ಆಚೆ ಮನೆಯ ಸೊಸೆ ಜಗಲಿ ಸಾರಿಸುತ್ತಿದ್ದವಳು ತಲೆಯೆತ್ತಿದಳು.

"ಇಷ್ಟೊತ್ಗೇ ಬಂದ್ಯಲ್ಲಕ್ಕ. ಕೆರೆ ಕಡೆಯಿಂದ ಬರೋಕೆ ಯಾವಾಗ ಒಂಟ್ಬುಟ್ಟೆ?"

"ಸುತ್ಕಂಡು ಬರ್ನಿಲ್ಲ ಕಣವ್ವ. ನೆಟ್ಟಗೇ ಬಂದೆ" ಎಂದೆ.

ಅವಳು ಕೈಯಲ್ಲಿದ್ದ ಸಗಣಿಯನ್ನು ಹಾಗೇ ಬಿಟ್ಟು ಅಂಚಿನವರೆಗೂ ಹೋಗಿ ನೋಡಿದಳು. ತಿರುಗಿ ಬಂದು, ಕೈ ತೊಳೆದು, ನನ್ನ ಕಾಲಿಗೆ ನೀರು ತಂದು ಕೊಟ್ಟಳು.